ಹುಂಜವೋ ಹೇಂಟೆಯೋ: ಕೋಳಿಮರಿಯ ಲಿಂಗ ತಿಳಿಯುವ ಬಗೆ

ಮೊಟ್ಟೆಯೊಡೆದು ಹೊರಬಂದ ದಿನ ಗಂಡು ಕೋಳಿಮರಿಗೂ ಹೆಣ್ಣು ಮರಿಗೂ ಸಾಮಾನ್ಯವಾಗಿ ಹೊರನೋಟದಲ್ಲಿ ವ್ಯತ್ಯಾಸವಿರುವುದಿಲ್ಲ. ಅದೇ ಮೆತ್ತನೆಯ ತುಪ್ಪಳು, ಅದೇ ಚಿಲಿಪಿಲಿ, ಹೆಚ್ಚುಕಡಿಮೆ ಅದೇ ತೂಕ. ಹಿತ್ತಲಲ್ಲಿ ಬೆಳೆಯುವ ನಾಟಿ ಮರಿಗಳಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳಲು ಸುಮಾರು ಒಂದು ತಿಂಗಳು ಬೇಕು. ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳಲು ಮೂರು ತಿಂಗಳಾದರೂ ಆಗುತ್ತದೆ.

ಸಾಕುವವರಿಗೆ ಈ ಕಾಯುವಿಕೆ ದುಬಾರಿ. ಹೇಂಟೆ ಬೇಕಾಗಿರುವುದು ಮೊಟ್ಟೆಗೆ ಮತ್ತು ಕಾವಿಗೆ. ಹುಂಜ ಬೇಕಾಗಿರುವುದು ಮಾಂಸಕ್ಕೆ, ಹರಕೆಗೆ, ಮುಂದಿನ ಸಂತತಿಗೆ. ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಆದರೆ ಒಂದು ಕಾವಿನಲ್ಲಿ ಹುಟ್ಟುವ ಮರಿಗಳಲ್ಲಿ ಸರಾಸರಿ ಅರ್ಧದಷ್ಟು ಗಂಡೇ ಆಗಿರುತ್ತವೆ. ಹೆಚ್ಚಿನ ಗಂಡುಗಳನ್ನು ಬೇಗ ಗುರುತಿಸಿದರೆ ಬೇರೆ ಮಾಡಿ ಮೇಯಿಸಬಹುದು, ಜಗಳ ತಪ್ಪಿಸಬಹುದು, ಸರಿಯಾದ ಕಾಲಕ್ಕೆ ಮಾರಬಹುದು. ಗುರುತಿಸುವುದು ಹೇಗೆ ಎಂಬುದು ಮರಿಯ ವಯಸ್ಸು ಮತ್ತು ತಳಿ ಎರಡನ್ನೂ ಅವಲಂಬಿಸಿದೆ.

ಮೊಟ್ಟೆಯಲ್ಲೇ ಆಗುವ ತೀರ್ಮಾನ

ಮನುಷ್ಯರಲ್ಲಿ ಮಗುವಿನ ಲಿಂಗ ತಂದೆಯ ವರ್ಣತಂತುವಿನಿಂದ ತೀರ್ಮಾನವಾಗುತ್ತದೆ. ಹಕ್ಕಿಗಳಲ್ಲಿ ಇದು ತಿರುವುಮುರುವು. ಹುಂಜದ ಜೀವಕೋಶಗಳಲ್ಲಿ ಎರಡು ಝಡ್ ವರ್ಣತಂತುಗಳಿರುತ್ತವೆ. ಹೇಂಟೆಯಲ್ಲಿ ಒಂದು ಝಡ್, ಒಂದು ಡಬ್ಲ್ಯು. ಹೇಂಟೆಯ ಅಂಡಕ್ಕೆ ಝಡ್ ಬಂದರೆ ಮರಿ ಗಂಡು, ಡಬ್ಲ್ಯು ಬಂದರೆ ಹೆಣ್ಣು. ಹೀಗಾಗಿ ಮೊಟ್ಟೆಗೆ ಚಿಪ್ಪು ಕಟ್ಟುವ ಮೊದಲೇ ವಿಷಯ ಇತ್ಯರ್ಥವಾಗಿರುತ್ತದೆ. ಝಡ್ ವರ್ಣತಂತುವಿನ ಮೇಲಿರುವ ಡಿಎಂಆರ್‌ಟಿ1 ಎಂಬ ಜೀನ್ ಎರಡು ಪ್ರತಿಗಳಲ್ಲಿದ್ದರೆ ಭ್ರೂಣದಲ್ಲಿ ವೃಷಣ ಬೆಳೆಯುತ್ತದೆ, ಒಂದೇ ಪ್ರತಿಯಿದ್ದರೆ ಅಂಡಾಶಯ. ಹೇಂಟೆಯಲ್ಲಿ ಸಾಮಾನ್ಯವಾಗಿ ಎಡಗಡೆಯ ಅಂಡಾಶಯ ಮಾತ್ರ ಪೂರ್ಣ ಬೆಳೆಯುತ್ತದೆ; ಬಲಗಡೆಯದು ಕುಗ್ಗಿ ಉಳಿಯುತ್ತದೆ.

ಒಳಗೆ ತೀರ್ಮಾನವಾದದ್ದು ಹೊರಗೆ ಕಾಣಲು ಹಾರ್ಮೋನುಗಳು ಕೆಲಸ ಮಾಡಬೇಕು. ಜುಟ್ಟು ಮತ್ತು ಗದ್ದದ ಕೆಳಗೆ ಜೋಲುವ ಕೆಂಪು ಚರ್ಮ ಬೆಳೆಯುವುದು ವೃಷಣದಿಂದ ಬರುವ ಟೆಸ್ಟೋಸ್ಟೆರಾನ್‌ನಿಂದ. ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಆರ್ನಾಲ್ಡ್ ಬರ್ತೋಲ್ಡ್ 1849ರಲ್ಲಿ ಇದನ್ನು ಎಳೆ ಹುಂಜಗಳ ಮೇಲೆಯೇ ತೋರಿಸಿದ. ವೃಷಣ ತೆಗೆದ ಹುಂಜಗಳ ಜುಟ್ಟು ಬೆಳೆಯಲಿಲ್ಲ, ಅವು ಕೂಗಲಿಲ್ಲ, ಕಾದಾಡಲಿಲ್ಲ. ವೃಷಣವನ್ನು ಹೊಟ್ಟೆಯೊಳಗೆ ಬೇರೆ ಜಾಗದಲ್ಲಿ ನೆಟ್ಟಾಗ ಅವು ಮತ್ತೆ ಹುಂಜಗಳಂತೆಯೇ ಬೆಳೆದವು. ಹಾರ್ಮೋನುಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದ ಪ್ರಯೋಗವಿದು.

ಗರಿಗಳ ವಿಚಾರ ಬೇರೆ. ಹೇಂಟೆಯ ದುಂಡು ತುದಿಯ ಗರಿಗೆ ಕಾರಣ ಅಂಡಾಶಯದ ಈಸ್ಟ್ರೊಜೆನ್. ಆ ಹಾರ್ಮೋನು ಇಲ್ಲದಿದ್ದರೆ ಗರಿ ತಾನಾಗಿಯೇ ಹುಂಜದ ಗರಿಯಂತೆ ನೀಳವಾಗಿ, ಮೊನಚಾಗಿ ಬೆಳೆಯುತ್ತದೆ. ಜುಟ್ಟು ಒಂದು ಹಾರ್ಮೋನಿನ ಸಾಕ್ಷಿ, ಗರಿ ಇನ್ನೊಂದರ ಸಾಕ್ಷಿ. ಹಾಗಾಗಿ ಎರಡೂ ಒಂದೇ ಮಾತು ಹೇಳಿದಾಗ ನಂಬಿಕೆ ಗಟ್ಟಿಯಾಗುತ್ತದೆ.

ಮೊದಲ ದಿನದ ಪರೀಕ್ಷೆಗಳು

ಒಂದು ದಿನದ ಮರಿಯ ಲಿಂಗ ಹೇಳಲು ವೃತ್ತಿಪರ ಮರಿಕೇಂದ್ರಗಳಲ್ಲಿ ಮೂರು ದಾರಿಗಳಿವೆ. ಮೊದಲನೆಯದು ಗುದದ್ವಾರದ ಪರೀಕ್ಷೆ. ಜಪಾನಿನಲ್ಲಿ ಕಿಯೋಶಿ ಮಸುಯಿ ಮತ್ತು ಜೊತೆಗಾರರು 1920ರ ದಶಕದಲ್ಲಿ ಇದನ್ನು ರೂಪಿಸಿದರು. ಮರಿಯನ್ನು ಅಂಗೈಯಲ್ಲಿ ಹಿಡಿದು, ಹಿಕ್ಕೆಯನ್ನು ಮೆಲ್ಲಗೆ ಹೊರಡಿಸಿ, ಗುದದ್ವಾರವನ್ನು ಬೆರಳಿನಿಂದ ಅರಳಿಸಿ ಒಳಭಾಗ ನೋಡುತ್ತಾರೆ. ಗಂಡಿನಲ್ಲಿ ಗುಂಡುಸೂಜಿಯ ತಲೆಯಷ್ಟಿರುವ, ಹೊಳಪಿನ, ಬಿಗಿಯಾದ ಉಬ್ಬು ಕಾಣುತ್ತದೆ. ಹೆಣ್ಣಿನಲ್ಲಿ ಆ ಜಾಗ ಚಪ್ಪಟೆ. ಆದರೆ ಹಲವು ಹೆಣ್ಣುಮರಿಗಳಲ್ಲೂ ಸಣ್ಣ ಉಬ್ಬು ಇರುತ್ತದೆ, ಕೆಲವು ಗಂಡುಗಳಲ್ಲಿ ಅದು ತೀರಾ ಚಿಕ್ಕದು. ಈ ನಡುವಿನ ರೂಪಗಳನ್ನು ಬೇರ್ಪಡಿಸಲು ವರ್ಷಗಟ್ಟಲೆ ಅಭ್ಯಾಸ ಬೇಕು. ನುರಿತವರು ಗಂಟೆಗೆ ಸಾವಿರದ ಆಸುಪಾಸು ಮರಿಗಳನ್ನು ನೋಡುತ್ತಾರೆ; ನೂರಕ್ಕೆ ಎರಡು ಮೂರಕ್ಕಿಂತ ಹೆಚ್ಚು ತಪ್ಪುವುದಿಲ್ಲ. ಜಪಾನಿನಿಂದ, ಮುಂದೆ ಕೊರಿಯಾದಿಂದ ಈ ಪರಿಣತರು ಅಮೆರಿಕ, ಯುರೋಪುಗಳಿಗೆ ದುಡಿಯಲು ಹೋದರು. 2020ರ ‘ಮಿನಾರಿ’ ಚಲನಚಿತ್ರದ ಕೊರಿಯನ್ ದಂಪತಿ ಅಮೆರಿಕದ ಅರ್ಕನ್ಸಾ ರಾಜ್ಯದಲ್ಲಿ ಮಾಡುವ ಕೆಲಸ ಇದೇ.

ಹುಟ್ಟಿದ ಒಂದು ದಿನ, ಹೆಚ್ಚೆಂದರೆ ಒಂದೂವರೆ ದಿನದೊಳಗೆ ಈ ಪರೀಕ್ಷೆ ಮುಗಿಯಬೇಕು. ತರಬೇತಿಯಿಲ್ಲದ ಕೈ ಒತ್ತಿದರೆ ಮರಿಯ ಹೊಟ್ಟೆಯೊಳಗೆ ಇನ್ನೂ ಉಳಿದಿರುವ ಹಳದಿ ಲೋಳೆಯ ಚೀಲ ಒಡೆದು ಮರಿ ಸಾಯಬಹುದು. ಮನೆಯಲ್ಲಿ ಮಾಡಿ ನೋಡುವ ಕೆಲಸವಲ್ಲ.

ಎರಡನೆಯದು ರೆಕ್ಕೆಯ ಗರಿ ನೋಡುವುದು, ಮೂರನೆಯದು ಬಣ್ಣ ನೋಡುವುದು. ಎರಡರ ಹಿಂದೆಯೂ ಇರುವ ತರ್ಕ ಒಂದೇ. ಹೇಂಟೆ ತನ್ನ ಒಂದೇ ಒಂದು ಝಡ್ ವರ್ಣತಂತುವನ್ನು ಗಂಡುಮಕ್ಕಳಿಗೆ ಮಾತ್ರ ಕೊಡುತ್ತದೆ. ಹೆಣ್ಣುಮಕ್ಕಳಿಗೆ ಝಡ್ ಬರುವುದು ತಂದೆಯಿಂದ. ಆದ್ದರಿಂದ ಝಡ್ ಮೇಲೆ ಕೂತಿರುವ ಪ್ರಬಲ ಗುಣವೊಂದು ತಾಯಿಯಲ್ಲಿದ್ದು ತಂದೆಯಲ್ಲಿ ಇಲ್ಲದಿದ್ದರೆ, ಅದು ಗಂಡುಮರಿಗಳಲ್ಲಿ ಮಾತ್ರ ಪ್ರಕಟವಾಗುತ್ತದೆ.

ಗರಿ ನಿಧಾನವಾಗಿ ಬೆಳೆಯುವ ಗುಣ ಅಂಥದ್ದು. ನಿಧಾನ ಗರಿಯ ಹೇಂಟೆಗೆ ಬೇಗ ಗರಿ ಬರುವ ಹುಂಜ ಕೂಡಿದರೆ, ಹುಟ್ಟಿದ ಮೂರು ದಿನದೊಳಗೆ ಮರಿಯ ರೆಕ್ಕೆ ಬಿಡಿಸಿ ನೋಡಿದರೆ ಸಾಕು. ಹೆಣ್ಣಿನಲ್ಲಿ ರೆಕ್ಕೆಯ ಮುಖ್ಯ ಗರಿಗಳು ಅವುಗಳ ಮೇಲಿನ ಹೊದಿಕೆ ಗರಿಗಳಿಗಿಂತ ಎದ್ದು ಕಾಣುವಷ್ಟು ಉದ್ದವಾಗಿ, ಒಂದು ಉದ್ದ ಒಂದು ಗಿಡ್ಡ ಸಾಲಾಗಿರುತ್ತವೆ. ಗಂಡಿನಲ್ಲಿ ಎರಡೂ ಸಮವಾಗಿರುತ್ತವೆ, ಅಥವಾ ಹೊದಿಕೆ ಗರಿಯೇ ಉದ್ದ. ಇಂಥ ಆಯ್ದ ಜೋಡಿಗಳಿಂದ ಹುಟ್ಟದ ನಾಟಿ ಮರಿಯಲ್ಲಿ ಈ ಗುರುತಿಗೆ ಅರ್ಥವಿಲ್ಲ. ಅಂತರ್ಜಾಲದ ವೀಡಿಯೋ ನೋಡಿ ರೆಕ್ಕೆ ಬಿಡಿಸುವವರು ಮೋಸ ಹೋಗುವುದು ಇಲ್ಲೇ.

ಬಣ್ಣದ ಲೆಕ್ಕವೂ ಹಾಗೆಯೇ. ಪಟ್ಟೆಪಟ್ಟೆಯ ಪ್ಲಿಮತ್ ರಾಕ್ ಹೇಂಟೆಗೆ ರೋಡ್ ಐಲ್ಯಾಂಡ್ ರೆಡ್ ಹುಂಜ ಸೇರಿದರೆ ಮರಿಗಳೆಲ್ಲ ಕಪ್ಪು, ಆದರೆ ಗಂಡುಮರಿಗಳ ನೆತ್ತಿಯ ಮೇಲೆ ಬಿಳಿ ಚುಕ್ಕೆ. ಬೆಳ್ಳಿ ಬಣ್ಣದ ಗುಣವಿರುವ ಹೇಂಟೆಗೆ ಕೆಂಪು ಹುಂಜ ಸೇರಿದರೆ ಗಂಡು ಮಾಸಲು ಬಿಳಿ, ಹೆಣ್ಣು ಕೆಂಗಂದು. ಕೇಂಬ್ರಿಡ್ಜ್‌ನ ತಳಿವಿಜ್ಞಾನಿ ರೆಜಿನಾಲ್ಡ್ ಪನೆಟ್ ಈ ತರ್ಕವನ್ನು ಇನ್ನೂ ಮುಂದಕ್ಕೊಯ್ದು, ಮೈಕೇಲ್ ಪೀಸ್ ಜೊತೆಗೂಡಿ ಕ್ಯಾಂಬಾರ್, ಲೆಗ್‌ಬಾರ್‌ನಂಥ ತಳಿಗಳನ್ನು ಕಟ್ಟಿದ. ಅವುಗಳಲ್ಲಿ ತಲೆಮಾರು ಕಳೆದರೂ ಮರಿಯ ತುಪ್ಪಳಿನ ಬಣ್ಣವೇ ಲಿಂಗ ಹೇಳುತ್ತದೆ. ಬೇರೆ ಬೇರೆ ತಳಿಗಳ ಅಡ್ಡಹಾಯಿಕೆಯಿಂದ ಬಂದ ಮರಿಗಳಲ್ಲಾದರೆ ಈ ಗುರುತು ಒಂದೇ ತಲೆಮಾರಿಗೆ ಮುಗಿಯುತ್ತದೆ. ಆ ಮರಿಗಳು ದೊಡ್ಡವಾಗಿ ತಮ್ಮತಮ್ಮಲ್ಲೇ ಕೂಡಿ ಹುಟ್ಟಿಸಿದ ಮರಿಗಳಲ್ಲಿ ಬಣ್ಣ ಬೆರೆತುಹೋಗಿರುತ್ತದೆ.

ಗಂಡುಮರಿಗಳ ಗತಿ

ಮೊಟ್ಟೆ ಉದ್ಯಮಕ್ಕೆ ಮೊದಲ ದಿನದ ಈ ಪರೀಕ್ಷೆ ಅನಿವಾರ್ಯವಾದದ್ದು ಲಾಭದ ಲೆಕ್ಕದಿಂದ. ಮೊಟ್ಟೆಗೆಂದೇ ಬೆಳೆಸಿದ ತಳಿಯ ಗಂಡು ಮೊಟ್ಟೆಯಿಡದು, ಮೈಯನ್ನೂ ಬೇಗ ತುಂಬಿಕೊಳ್ಳದು. ಹಾಗಾಗಿ ಜಗತ್ತಿನಾದ್ಯಂತ ವರ್ಷಕ್ಕೆ ಕೋಟಿಗಟ್ಟಲೆ ಗಂಡುಮರಿಗಳನ್ನು ಹುಟ್ಟಿದ ದಿನವೇ ಕೊಲ್ಲಲಾಗುತ್ತದೆ. ಇದರ ವಿರುದ್ಧ ಎದ್ದ ದನಿಯ ಫಲವಾಗಿ ಜರ್ಮನಿ 2022ರ ಜನವರಿಯಿಂದ ಈ ಪದ್ಧತಿಯನ್ನು ನಿಷೇಧಿಸಿತು. ಫ್ರಾನ್ಸ್ ಕೂಡ ಅದೇ ಹಾದಿ ಹಿಡಿಯಿತು. ಅಲ್ಲಿ ಈಗ ಮೊಟ್ಟೆಯೊಳಗೇ ಲಿಂಗ ಪತ್ತೆಹಚ್ಚುವ ಯಂತ್ರಗಳು ಬಳಕೆಯಲ್ಲಿವೆ. ಕೆಲವು ಯಂತ್ರಗಳು ಚಿಪ್ಪಿನಲ್ಲಿ ಸೂಕ್ಷ್ಮ ರಂಧ್ರ ಮಾಡಿ ಒಳಗಿನ ದ್ರವದ ಹನಿ ತೆಗೆದು ಹಾರ್ಮೋನು ಅಥವಾ ಡಿಎನ್‌ಎ ನೋಡುತ್ತವೆ. ಇನ್ನು ಕೆಲವು ಬೆಳಕು ಹಾಯಿಸಿ ಭ್ರೂಣದ ಗರಿಯ ಬಣ್ಣ ಗುರುತಿಸುತ್ತವೆ. 21 ದಿನದ ಕಾವಿನ ಮಧ್ಯಭಾಗದಲ್ಲೇ ಗಂಡು ಮೊಟ್ಟೆಗಳನ್ನು ಬೇರೆ ಮಾಡಬಹುದು.

ಮಾಂಸದ ಬ್ರಾಯ್ಲರ್ ಕೋಳಿಗಳಿಗೆ ಈ ಗೊಡವೆ ಕಡಿಮೆ. ಆರು ವಾರದ ಆಸುಪಾಸಿನಲ್ಲಿ ಗಂಡು ಹೆಣ್ಣು ಎರಡೂ ಮಾರಾಟಕ್ಕೆ ಸಿದ್ಧವಾಗುವುದರಿಂದ ಅವನ್ನು ಒಟ್ಟಾಗಿಯೇ ಸಾಕುತ್ತಾರೆ.

ಮೊಟ್ಟೆಯ ಆಕಾರ, ದಾರದ ತೂಗಾಟ

ಚೂಪು ಮೊಟ್ಟೆಯಲ್ಲಿ ಹುಂಜ, ದುಂಡು ಮೊಟ್ಟೆಯಲ್ಲಿ ಹೇಂಟೆ ಎಂಬ ನಂಬಿಕೆ ಬಹಳ ಹಳೆಯದು. ರೋಮಿನ ಕೃಷಿ ಲೇಖಕ ಕೊಲುಮೆಲ್ಲಾ ಎರಡು ಸಾವಿರ ವರ್ಷಗಳ ಹಿಂದೆಯೇ ಹೀಗೆ ಬರೆದ. ಅವನಿಗಿಂತ ಮೊದಲು ಗ್ರೀಸಿನ ಅರಿಸ್ಟಾಟಲ್ ಬರೆದದ್ದಾಗಿ ಸಿಗುವ ಪಾಠ ಇದಕ್ಕೆ ತದ್ವಿರುದ್ಧ: ಉದ್ದ ಮೊಟ್ಟೆಯಲ್ಲಿ ಹೆಣ್ಣು, ದುಂಡು ಮೊಟ್ಟೆಯಲ್ಲಿ ಗಂಡು. ಮೊಟ್ಟೆಯ ಆಕಾರ ರೂಪುಗೊಳ್ಳುವುದು ತಾಯಿಕೋಳಿಯ ಅಂಡನಾಳದಲ್ಲಿ. ಒಂದೊಂದು ಹೇಂಟೆಗೆ ಒಂದೊಂದು ಬಗೆಯ ಮೊಟ್ಟೆಯಿಡುವ ರೂಢಿಯಿರುತ್ತದೆ. ಸದಾ ಚೂಪು ಮೊಟ್ಟೆಯಿಡುವ ಹೇಂಟೆಗೂ ಗಂಡು ಹೆಣ್ಣು ಮರಿಗಳು ಸರಿಸುಮಾರು ಸಮನಾಗಿಯೇ ಹುಟ್ಟುತ್ತವೆ.

ಮರಿಯ ಮೇಲೆ ದಾರಕ್ಕೆ ಕಟ್ಟಿದ ಸೂಜಿ ಅಥವಾ ಉಂಗುರ ತೂಗುವುದು, ಕಾಲು ಹಿಡಿದು ತಲೆಕೆಳಗೆ ಮಾಡಿ ಒದ್ದಾಡುವ ರೀತಿ ನೋಡುವುದು, ಟೋಪಿ ಎಸೆದು ಯಾವ ಮರಿ ತಲೆಯೆತ್ತಿ ನಿಲ್ಲುತ್ತದೆಂದು ಗಮನಿಸುವುದು ಇವೆಲ್ಲ ಊಹೆಯ ಆಟಗಳು. ಎರಡೇ ಉತ್ತರವಿರುವ ಪ್ರಶ್ನೆಗೆ ಕಣ್ಣು ಮುಚ್ಚಿ ಹೇಳಿದರೂ ಅರ್ಧ ಸಲ ಸರಿಯಾಗುತ್ತದೆ. ಇಂಥ ನಂಬಿಕೆಗಳು ಬಾಳುವುದು ಅದರಿಂದಲೇ. ಕಾವಿನ ಬಿಸಿ ಹೆಚ್ಚಿಸಿದರೆ ಹೆಣ್ಣು ಹೆಚ್ಚು ಹುಟ್ಟುತ್ತವೆಂಬ ಮಾತೂ ನಿಜವಲ್ಲ. ಮೊಸಳೆ ಮತ್ತು ಹಲವು ಜಾತಿಯ ಆಮೆಗಳಲ್ಲಿ ಗೂಡಿನ ಉಷ್ಣತೆ ಲಿಂಗವನ್ನು ತೀರ್ಮಾನಿಸುತ್ತದೆ. ಕೋಳಿಯಲ್ಲಿ ಅದು ವರ್ಣತಂತುವಿನ ಕೆಲಸ. ಬಿಸಿ ಏರುಪೇರಾದರೆ ಮರಿಗಳು ಚಿಪ್ಪಿನಲ್ಲೇ ಸಾಯುತ್ತವೆ, ಅಷ್ಟೇ.

ವಾರದಿಂದ ವಾರಕ್ಕೆ ಕಾಣುವ ಗುರುತುಗಳು

ಹಿತ್ತಲ ಕೋಳಿಗಳ ಮಟ್ಟಿಗೆ ನೋಡಲು ಕೂರಬೇಕಾದದ್ದು ನಾಲ್ಕನೆಯ ವಾರದಿಂದ. ಬಿಡಿ ಮರಿಯೊಂದನ್ನು ಎತ್ತಿ ನೋಡಿದರೆ ಏನೂ ತಿಳಿಯದು. ಒಂದೇ ಕಾವಿನಲ್ಲಿ ಹುಟ್ಟಿದ, ಒಂದೇ ತಳಿಯ ಮರಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಬೇಕು.

ನಾಲ್ಕರಿಂದ ಆರನೆಯ ವಾರದಲ್ಲಿ ಮೊದಲ ಸುಳಿವು ಕೊಡುವುದು ಜುಟ್ಟು. ಗಂಡುಮರಿಯ ಜುಟ್ಟು ಅಗಲವಾಗಿ, ದಪ್ಪವಾಗಿ ಎದ್ದು ನಸುಗೆಂಪಿಗೆ ತಿರುಗತೊಡಗುತ್ತದೆ. ಹೆಣ್ಣಿನದು ತೆಳ್ಳಗೆ, ಹಳದಿ ಅಥವಾ ಪೇಲವವಾಗಿ ಉಳಿಯುತ್ತದೆ. ಇದೇ ಹೊತ್ತಿಗೆ ಕಾಲುಗಳನ್ನೂ ನೋಡಬೇಕು. ಗಂಡಿನ ಕಾಲು ದಪ್ಪ, ಪಾದ ಅಗಲ, ನಿಲುವು ನೆಟ್ಟಗೆ. ಮೈಯ ಮೇಲೆ ಗರಿ ಮೂಡುವ ಕ್ರಮವೂ ಬೇರೆ: ಹೆಣ್ಣುಮರಿಗಳ ಬೆನ್ನು, ಬಾಲ ಬೇಗ ಮುಚ್ಚಿಕೊಳ್ಳುತ್ತವೆ. ಭಾರೀ ತಳಿಯ ಗಂಡುಮರಿಗಳ ಭುಜ ಮತ್ತು ಬೆನ್ನು ಕೆಲವು ವಾರ ಬೋಳಾಗಿ, ಬಾಲ ಮೊಂಡಾಗಿ ಕಾಣುತ್ತವೆ.

ಆರರಿಂದ ಎಂಟನೆಯ ವಾರದಲ್ಲಿ ಅಂತರ ಹಿಗ್ಗುತ್ತದೆ. ಗಂಡಿನ ಜುಟ್ಟು ಕೆಂಪೇರುತ್ತದೆ, ಗದ್ದದ ಜೋಲು ಕಾಣಿಸಿಕೊಳ್ಳುತ್ತದೆ. ಬಣ್ಣಬಣ್ಣದ ತಳಿಗಳಲ್ಲಿ ರೆಕ್ಕೆಯ ಭುಜದ ಮೇಲೆ ಕೆಂಪು ಅಥವಾ ಹೊಂಬಣ್ಣದ ಗರಿಗಳು ತೇಪೆಯಂತೆ ಮೂಡಿದರೆ ಅದು ಗಂಡಿನ ಬಲವಾದ ಗುರುತು. ಹೆಣ್ಣಿನ ಬಣ್ಣ ಮೈಯೆಲ್ಲ ಒಂದೇ ಹದದಲ್ಲಿ ಹರಡಿರುತ್ತದೆ. ಮರಿಗಳು ಎದೆಗೆದೆ ಕೊಟ್ಟು ಕತ್ತಿನ ಗರಿ ಕೆದರಿ ನಿಲ್ಲುವುದೂ ಈಗಲೇ. ಆದರೆ ಕೂಳಿಗಾಗಿ, ಪಟ್ಟಕ್ಕಾಗಿ ಹೆಣ್ಣುಗಳೂ ಹೀಗೆ ಸೆಣಸುತ್ತವೆ. ಬರೀ ಜಗಳಗಂಟಿತನ ಕಂಡು ಹುಂಜವೆಂದು ತೀರ್ಪು ಕೊಡುವಂತಿಲ್ಲ.

ಹತ್ತರಿಂದ ಹದಿನಾಲ್ಕನೆಯ ವಾರದಲ್ಲಿ ಸಿಗುವ ಗುರುತು ಎಲ್ಲಕ್ಕಿಂತ ನಂಬಿಕಸ್ಥ. ಬೆನ್ನು ಮುಗಿದು ಬಾಲ ಶುರುವಾಗುವ ಜಾಗದಲ್ಲಿ, ಸೊಂಟದ ಎರಡೂ ಬದಿಗೆ, ಗಂಡಿಗೆ ಹೊಸ ಗರಿಗಳು ಬರುತ್ತವೆ. ಅವು ನೀಳ, ಕಿರಿದು, ಹೊಳಪಿನವು, ತುದಿ ಚೂಪು. ಹೆಣ್ಣಿನಲ್ಲಿ ಅದೇ ಜಾಗದ ಗರಿ ಅಗಲವಾಗಿ, ತುದಿ ದುಂಡಾಗಿರುತ್ತದೆ. ಕತ್ತಿನ ಗರಿಗಳಲ್ಲೂ ಇದೇ ಭೇದ ಕಂಡರೂ ಕೆಲವು ತಳಿಯ ಹೇಂಟೆಗಳ ಕತ್ತಿನ ಗರಿ ಸಾಕಷ್ಟು ಮೊನಚಾಗಿಯೇ ಇರುವುದರಿಂದ ಸೊಂಟದ ಗರಿಯ ಸಾಕ್ಷಿಯೇ ಮೇಲು. ಬಾಲದಲ್ಲಿ ಕುಡುಗೋಲಿನಂತೆ ಬಾಗಿದ ಉದ್ದ ಗರಿಗಳು ಮೂಡಿದ ಮೇಲಂತೂ ಕೇಳುವುದೇನೂ ಉಳಿಯುವುದಿಲ್ಲ.

ಕೂಗು ಯಾವಾಗ ಬರುತ್ತದೆಂದು ಹೇಳುವುದು ಕಷ್ಟ. ಎರಡು ತಿಂಗಳಿಗೇ ಒಡಕು ದನಿಯಲ್ಲಿ ಅಭ್ಯಾಸ ಶುರುಮಾಡುವ ಗಂಡುಗಳಿವೆ. ಹೆಚ್ಚಿನವು ನಾಲ್ಕೈದು ತಿಂಗಳು ಹಿಡಿಯುತ್ತವೆ. ಹಟ್ಟಿಯಲ್ಲಿ ದೊಡ್ಡ ಹುಂಜವಿದ್ದರೆ ಎಳೆಯವು ಬಾಯಿಬಿಡಲು ಹಿಂಜರಿಯುತ್ತವೆ. ಜಪಾನಿನ ನಗೋಯಾದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬೆಳಗಿನ ಮೊದಲ ಕೂಗು ಗುಂಪಿನ ಯಜಮಾನ ಹುಂಜದ್ದು, ಉಳಿದವು ಅಂತಸ್ತಿನ ಕ್ರಮದಲ್ಲಿ ಅದನ್ನು ಹಿಂಬಾಲಿಸುತ್ತವೆ. ಆದ್ದರಿಂದ ಕೂಗಿದ್ದು ಬಹುಮಟ್ಟಿಗೆ ಗಂಡೇ ಆದರೂ ಕೂಗದ್ದೆಲ್ಲ ಹೆಣ್ಣಲ್ಲ. ಕಾಲಿನ ಮುಳ್ಳಿನದೂ ಇದೇ ಕಥೆ. ಮೊಳಕೆಯಷ್ಟು ಗುಬುಟು ಎರಡಕ್ಕೂ ಇರುತ್ತದೆ. ಗಂಡಿನಲ್ಲಿ ಅದು ಬಲಿತು ಉದ್ದವಾಗಲು ಹಲವು ತಿಂಗಳು ಬೇಕು, ವಯಸ್ಸಾದ ಹೇಂಟೆಗಳಿಗೂ ಮುಳ್ಳು ಬರುವುದುಂಟು.

ಹೆಣ್ಣಿನ ಖಚಿತ ಲಕ್ಷಣಗಳು ಕೊನೆಗೆ ಬರುತ್ತವೆ. ಮೊಟ್ಟೆಯಿಡುವ ಕಾಲ ಹತ್ತಿರವಾದಂತೆ, ಅಲ್ಲಿಯವರೆಗೆ ಪೇಲವವಾಗಿದ್ದ ಜುಟ್ಟು ಹಠಾತ್ತನೆ ಕೆಂಪಾಗುತ್ತದೆ. ಬೆನ್ನ ಮೇಲೆ ಕೈಯಿಟ್ಟರೆ ರೆಕ್ಕೆ ತುಸು ಬಿಚ್ಚಿ ತಗ್ಗಿ ಕೂರುತ್ತದೆ. ಮೊಟ್ಟೆಯ ತಳಿಗಳಲ್ಲಿ ಇದು 18ರಿಂದ 20 ವಾರಕ್ಕೆ ಬಂದರೆ ನಾಟಿ ಕೋಳಿಗಳಲ್ಲಿ ಸಾಮಾನ್ಯವಾಗಿ ಆರು ತಿಂಗಳ ಆಸುಪಾಸು.

ತಳಿ ಬದಲಾದರೆ ಗುರುತೂ ಬದಲು

ಜುಟ್ಟಿನ ಲೆಕ್ಕ ಚೆನ್ನಾಗಿ ನಡೆಯುವುದು ಗರಗಸದ ಹಲ್ಲಿನಂಥ ಒಂಟಿ ಜುಟ್ಟಿನ ಕೋಳಿಗಳಲ್ಲಿ. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರಾ, ಹೈದರಾಬಾದಿನ ವನರಾಜ, ಗ್ರಾಮಪ್ರಿಯ ಮೊದಲಾದ ಹಿತ್ತಲ ತಳಿಗಳ ಮರಿಗಳನ್ನು ಐದಾರು ವಾರಕ್ಕೆ ಜುಟ್ಟು, ಕಾಲು ನೋಡಿ ಬಹುಪಾಲು ಬೇರ್ಪಡಿಸಬಹುದು. ಗಿರಿರಾಜದಂಥ ಬಣ್ಣಬಣ್ಣದ ಮರಿಗಳಲ್ಲಿ ಬರೀ ಮೈಬಣ್ಣವನ್ನು ನೆಚ್ಚಬಾರದು.

ಮಧ್ಯಪ್ರದೇಶದ ಝಾಬುವಾ ಮೂಲದ ಕಡಕ್‌ನಾಥ್ ಕೋಳಿಯ ಜುಟ್ಟು, ಚರ್ಮ, ಮಾಂಸ ಎಲ್ಲದಕ್ಕೂ ಕಪ್ಪು ಛಾಯೆ ಇರುವುದರಿಂದ ಜುಟ್ಟಿನ ಕೆಂಪಿಗಾಗಿ ಕಾಯುವುದು ವ್ಯರ್ಥ. ಅಲ್ಲಿ ಜುಟ್ಟಿನ ಗಾತ್ರ ಮತ್ತು ಸೊಂಟದ ಗರಿಯನ್ನು ನೋಡಬೇಕು. ಕಾಳಗಕ್ಕೆ ಹೆಸರಾದ ಅಸೀಲ್ ತಳಿಯಲ್ಲಿ ಗಂಡಿನ ಜುಟ್ಟೂ ನೆತ್ತಿಗೆ ಅಂಟಿದಂತೆ ಚಿಕ್ಕದು, ಗದ್ದದ ಜೋಲು ಇಲ್ಲವೆನ್ನುವಷ್ಟು ಕಡಿಮೆ. ಹೇಂಟೆಯೂ ನೆಟ್ಟಗೆ ನಿಲ್ಲುತ್ತದೆ. ಇಲ್ಲಿ ಆಸರೆ ಕಾಲಿನ ದಪ್ಪ, ತಲೆಯ ಅಗಲ ಮತ್ತು ಗರಿ. ಬೋಳು ಕತ್ತಿನ ಕೋಳಿಯಲ್ಲಿ ಕತ್ತಿನ ಗರಿಯ ಸಾಕ್ಷಿ ಇಲ್ಲದಿದ್ದರೂ ಸೊಂಟದ ಗರಿ ಹಾಗೆಯೇ ಇರುತ್ತದೆ. ಊರಿನ ಮಿಶ್ರ ನಾಟಿ ಕೋಳಿಗಳಲ್ಲಿ ಒಂದೇ ಕಾವಿನ ಮರಿಗಳಿಗೂ ಬೇರೆ ಬೇರೆ ಜುಟ್ಟು, ಬೇರೆ ಬೇರೆ ಬೆಳವಣಿಗೆ. ಬೇರೆ ಹೇಂಟೆಗಳ ಮೊಟ್ಟೆಗಳನ್ನು ಒಂದೇ ಕೋಳಿಯ ಕೆಳಗೆ ಕಾವಿಗಿಟ್ಟಿದ್ದರೆ ಈ ಗೊಂದಲ ಇನ್ನಷ್ಟು. ಅಂಥಲ್ಲಿ ಹನ್ನೆರಡನೆಯ ವಾರದವರೆಗೆ ತಾಳುವುದು ಒಳ್ಳೆಯದು.

ದಾರಿ ತಪ್ಪಿಸುವ ಕೋಳಿಗಳು

ಅಪರೂಪಕ್ಕೆ ಪ್ರಾಯದ ಲಕ್ಷಣಗಳೇ ಸುಳ್ಳು ಹೇಳುತ್ತವೆ. ಇಂಗ್ಲೆಂಡಿನ ಸೀಬ್ರೈಟ್ ತಳಿಯಲ್ಲಿ ಹುಂಜಕ್ಕೂ ಹೇಂಟೆಯಂತೆ ದುಂಡು ಗರಿಗಳಿರುತ್ತವೆ. ಅವುಗಳ ಚರ್ಮವೇ ಗಂಡು ಹಾರ್ಮೋನನ್ನು ಈಸ್ಟ್ರೊಜೆನ್ ಆಗಿ ಮಾರ್ಪಡಿಸುವುದು ಇದಕ್ಕೆ ಕಾರಣ. ಇದಕ್ಕೆ ವಿರುದ್ಧವಾಗಿ, ರೋಗದಿಂದ ಅಥವಾ ಗಡ್ಡೆಯಿಂದ ಎಡ ಅಂಡಾಶಯ ಕೆಟ್ಟ ಹೇಂಟೆ ಮೊಟ್ಟೆ ನಿಲ್ಲಿಸಿ, ಮುಂದಿನ ಸಲ ಗರಿ ಉದುರಿ ಬರುವಾಗ ಹುಂಜದ ಗರಿ ಪಡೆದು, ಜುಟ್ಟು ಬೆಳೆಸಿ, ಕೂಗುವುದೂ ಉಂಟು. ಕುಗ್ಗಿ ಕೂತಿದ್ದ ಬಲಗಡೆಯ ಗ್ರಂಥಿ ಆಗ ವೃಷಣದ ಗುಣ ತೋರತೊಡಗುತ್ತದೆ. ಹೇಂಟೆ ಕೂಗುವುದನ್ನು ಅಪಶಕುನವೆಂದು ಬಗೆದು ಕೊಯ್ದುಬಿಡುವ ರೂಢಿ ಅನೇಕ ಕಡೆ ಇತ್ತು. ಅದರ ಹಿಂದಿರುವುದು ಕೆಟ್ಟ ಅಂಡಾಶಯ ಮಾತ್ರ. ಆ ಕೋಳಿಯ ವರ್ಣತಂತುಗಳು ಬದಲಾಗಿರುವುದಿಲ್ಲ.

ಯಾವ ವಯಸ್ಸಿನಲ್ಲೂ ಸಂಶಯ ನೀಗಿಸುವ ಪರೀಕ್ಷೆ ಡಿಎನ್‌ಎಯದು. ಕಿತ್ತ ಗರಿಯ ಬುಡ ಅಥವಾ ಒಂದು ಹನಿ ರಕ್ತ ಸಾಕು. ಝಡ್ ಮತ್ತು ಡಬ್ಲ್ಯು ವರ್ಣತಂತುಗಳ ಮೇಲೆ ಬೇರೆ ಬೇರೆ ಉದ್ದದಲ್ಲಿರುವ ಜೀನ್ ಒಂದನ್ನು ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. ಗಂಡು ಹೆಣ್ಣು ಒಂದೇ ರೀತಿ ಕಾಣುವ ಗಿಳಿಗಳಿಗೆ ಈ ಪರೀಕ್ಷೆ ಸಾಮಾನ್ಯ. ಹಿತ್ತಲ ಕೋಳಿಗೆ ಖರ್ಚಿನ ದೃಷ್ಟಿಯಿಂದ ಇದು ಒಗ್ಗುವುದಿಲ್ಲ.

ಹಿತ್ತಲಲ್ಲಿ ಪಾಲಿಸಬೇಕಾದ ಕ್ರಮ

ಮರಿಗಳ ಕಾಲಿಗೆ ಬಣ್ಣದ ಉಂಗುರ ತೊಡಿಸಿ ಅಥವಾ ಸಡಿಲವಾಗಿ ದಾರ ಕಟ್ಟಿ ಗುರುತು ಮಾಡಿಕೊಳ್ಳುವುದು ಮೊದಲ ಕೆಲಸ. ಕಾಲು ದಪ್ಪವಾದಂತೆ ಅದನ್ನು ಬದಲಿಸುತ್ತಿರಬೇಕು. ಐದನೆಯ ವಾರಕ್ಕೆ ಜುಟ್ಟು ಮತ್ತು ಕಾಲು, ಎಂಟನೆಯ ವಾರಕ್ಕೆ ಭುಜದ ಬಣ್ಣ ಮತ್ತು ಗದ್ದದ ಜೋಲು, ಹನ್ನೆರಡನೆಯ ವಾರಕ್ಕೆ ಸೊಂಟದ ಗರಿ ನೋಡಿ ಬರೆದಿಟ್ಟುಕೊಂಡರೆ ಅಂದಾಜು ತಾನಾಗಿ ತಿದ್ದಿಕೊಳ್ಳುತ್ತದೆ. ಮೂರರಲ್ಲಿ ಎರಡು ಗುರುತು ಗಂಡೆಂದು ಹೇಳಿ ಮೂರನೆಯದು ತಕರಾರು ಮಾಡಿದರೆ ಸೊಂಟದ ಗರಿಯ ಮಾತೇ ಅಂತಿಮ. ಸೊರಗಿದ, ಜಂತುಹುಳು ಹಿಡಿದ ಗಂಡಿನ ಜುಟ್ಟು ಪೇಲವವಾಗಿರಬಹುದು. ಚೆನ್ನಾಗಿ ಮೇಯ್ದ ಹೆಣ್ಣಿನ ಜುಟ್ಟು ಬೇಗ ಕೆಂಪಾಗಬಹುದು.

ಮರಿ ಕೊಳ್ಳುವವರು ಒಂದು ತಿಂಗಳೊಳಗಿನ ನಾಟಿ ಮರಿಗಳಲ್ಲಿ ಹೆಣ್ಣನ್ನೇ ಆರಿಸಿ ಕೊಡುತ್ತೇವೆಂಬ ಮಾತಿಗೆ ಹೆಚ್ಚು ಹಣ ತೆರಬಾರದು. ಅಂಥ ವಯಸ್ಸಿನಲ್ಲಿ ಕೊಂಡರೆ ಅರ್ಧ ಗಂಡು ಬರುತ್ತವೆಂದೇ ಲೆಕ್ಕ ಹಾಕಬೇಕು: ಹತ್ತು ಹೇಂಟೆ ಬೇಕಿದ್ದರೆ ಸಾಯುವ ಮರಿಗಳ ಪಾಲನ್ನೂ ಸೇರಿಸಿ ಇಪ್ಪತ್ತೈದರ ಸುತ್ತಮುತ್ತ ಮರಿ. ಹೇಂಟೆಗಳೇ ಬೇಕೆನ್ನುವವರು ಎರಡೂವರೆ, ಮೂರು ತಿಂಗಳು ತುಂಬಿದವನ್ನು ಕೊಂಡರೆ ತಲೆನೋವಿಲ್ಲ. ಗಂಡುಗಳು ಖಚಿತವಾದ ಮೇಲೆ ಅವುಗಳಲ್ಲಿ ಚುರುಕಾದ, ಕಾಲು ನೆಟ್ಟಗಿರುವ ಒಂದನ್ನು ತಳಿಗೆ, ಅನಾಹುತಕ್ಕೆ ಒದಗಲು ಇನ್ನೊಂದನ್ನು ಉಳಿಸಿಕೊಂಡು ಮಿಕ್ಕವನ್ನು ಬೇರೆ ಗೂಡಿನಲ್ಲಿ ಕೊಬ್ಬಿಸುವುದು ಲೇಸು. ತಳಿಗೆ ಉಳಿಸಿದ ಹುಂಜವನ್ನು ಅದರ ಒಡಹುಟ್ಟಿದ ಹೇಂಟೆಗಳೊಂದಿಗೆ ಬಿಡದೆ ಬೇರೆ ಮನೆಯ ಹುಂಜದೊಡನೆ ಅದಲುಬದಲು ಮಾಡಿಕೊಂಡರೆ ಮುಂದಿನ ಕಾವಿನ ಮರಿಗಳು ಗಟ್ಟಿಯಾಗಿರುತ್ತವೆ.